ಮುನಿತಾಯಮ್ಮನವರ ಹುಂಜ

"ಹುಂಜ ಯಾವ್ದು, ಹೇಟೆ ಯಾವ್ದು ಅಂತ ಹೇಳೋಕೂ ಸರ್ಕಾರ ಸಂಬಳ ಕೊಡುತ್ತೇನಮ್ಮ?" ಎಂದು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮತ್ತೆ ಕೇಳಿದ್ದರು. ಹೇಟೆಯೆಂದರೆ ಹೆಣ್ಣು ಕೋಳಿ. ಕೊಡುತ್ತೆ ಎಂದೆ. ಅವರು ಹಣೆ ಚಚ್ಚಿಕೊಂಡು ಒಳಗೆ ಹೋದರು. ಪಶು ಆಸ್ಪತ್ರೆಯ ಕೋಳಿ ವಿಭಾಗದಲ್ಲಿ ನನ್ನ ಕೆಲಸ. ಹಿತ್ತಲಲ್ಲಿ ಕೋಳಿ ಸಾಕುವವರಿಗೆ ಮರಿ ಹಂಚುವುದು, ಲಸಿಕೆ ಹಾಕುವುದು, ಮರಿ ದೊಡ್ಡದಾದ ಮೇಲೆ ಬೈಸಿಕೊಳ್ಳುವುದು. ಕೆ.ಆರ್. ಪುರದ ಸುತ್ತ ರಾಗಿ ಹೊಲಗಳಿದ್ದಾಗ ಸೇರಿದವಳು, ಅವು ಟೆಕ್ ಪಾರ್ಕುಗಳಾದ ಮೇಲೆ ನಿವೃತ್ತಳಾದೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಈಗಲೂ ನಾನು 'ಕೋಳಿ ಮೇಡಂ'. ಒಬ್ಬರು ಲಗ್ನಪತ್ರಿಕೆಯ ಮೇಲೂ ಹಾಗೇ ಬರೆದು ಕೊಟ್ಟು ಹೋದರು. ನಮ್ಮ ಮನೆಯವರ ಹೆಸರು ಅದರಲ್ಲಿ ಇರಲೇ ಇಲ್ಲ.

ಈಗ ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಬಂದು "ಮೇಡಂ, ಟಿಪ್ಸ್ ಕೊಡಿ" ಎನ್ನುತ್ತಾರೆ. ನನಗೆ ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎನ್ನುವುದನ್ನೆಲ್ಲ ಬಿಡೋಣ, ಅದರಲ್ಲಿ ಕೇಳುವಂಥದ್ದೇನೂ ಇಲ್ಲ. ಆದರೆ ಒಂದು ಕೋಳಿ ಹೆಣ್ಣೋ ಗಂಡೋ ಎನ್ನುವುದರ ಮೇಲೆ, ಒಬ್ಬ ಹೆಣ್ಣುಮಗಳು ಗಂಡನ ಮನೆಯಲ್ಲಿ ಉಳಿಯುತ್ತಾಳೋ ಇಲ್ಲವೋ ಎಂಬುದು ನಿಂತಿದ್ದ ಪ್ರಕರಣವೊಂದು ನನ್ನ ಪಾಲಿಗೆ ಬಂದಿತ್ತು. ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ನೇರವಾಗಿ ಅಲ್ಲಿಗೇ ಹೋದರೆ ನಿಮಗೆ ಅದರ ಕಷ್ಟ ತಿಳಿಯುವುದಿಲ್ಲ. ಮೊದಲು ನಾನು ನಗೆಪಾಟಲಾದ ಕಥೆ ಕೇಳಿ.

ಎಳೆಯ ಮರಿಯ ರೆಕ್ಕೆ ಬಿಡಿಸಿ ನೋಡಿದಾಗ ಗರಿಗಳು ಒಂದುದ್ದ ಒಂದು ಗಿಡ್ಡ ಇದ್ದರೆ ಹೇಟೆ, ಒಂದೇ ಸಮ ಇದ್ದರೆ ಹುಂಜ ಎಂದು ತರಬೇತಿಯಲ್ಲಿ ಕಲಿಸಿದ್ದರು. ಅದು ಅದಕ್ಕೆಂದೇ ಬೆಳೆಸಿದ ಫಾರಂ ತಳಿಗಳಿಗೆ ಮಾತ್ರ, ನಾಟಿ ಕೋಳಿಗಲ್ಲ ಎಂದು ಹೇಳುವ ಹೊತ್ತಿಗೆ ಊಟದ ಗಂಟೆ ಹೊಡೆದಿತ್ತೋ ಏನೋ, ನನ್ನ ಕಿವಿಗೆ ಬೀಳಲಿಲ್ಲ. ಹಲಸೂರಿನ ಒಂದು ವಠಾರದಲ್ಲಿದ್ದ ರಾಜಮ್ಮ ಎನ್ನುವವರು ತಮ್ಮ ನಾಟಿ ಮರಿಗಳನ್ನು ಬುಟ್ಟಿಯಲ್ಲಿ ತಂದಾಗ, ನಾನು ಒಂದೊಂದರ ರೆಕ್ಕೆಯನ್ನೂ ಬೀಸಣಿಗೆ ಬಿಡಿಸಿದ ಹಾಗೆ ಬಿಡಿಸಿ, ಎಲ್ಲವೂ ಹೇಟೆಯೇ, ನಿಮ್ಮ ಅದೃಷ್ಟ ಎಂದೆ. ಆಯಮ್ಮ ನನ್ನ ಗಲ್ಲ ಸವರಿ ದೃಷ್ಟಿ ತೆಗೆದು ಹೋದರು. ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಬುಟ್ಟಿ ಆಸ್ಪತ್ರೆಯ ಕಿಟಕಿಯ ಕೆಳಗೆ ಬಂದು ಕೂತಿತು. ಒಳಗಿನಿಂದ ಒಂದರ ಹಿಂದೆ ಒಂದು ಕೂಗು.

"ಪೆಟ್ಟೆ ಪೆಟ್ಟೆ ಅಂತ ಹೇಳಿದ್ರಲ್ಲಮ್ಮ, ಎಲ್ಲಾ ಸೇವಲ್ ಆಗೋಯ್ತು," ಎಂದರು ರಾಜಮ್ಮ, ತಮಿಳು ಬೆರೆಸಿ. ಪೆಟ್ಟೆಯೆಂದರೆ ಹೇಟೆ, ಸೇವಲ್ ಎಂದರೆ ಹುಂಜ. "ವಠಾರದೋರು ನಂಗೆ ಮನೆ ಖಾಲಿ ಮಾಡು ಅಂತಾವ್ರೆ. ನೀವೇ ಇಟ್ಕೊಳ್ಳಿ, ನಿಮ್ಮ ಪೆಟ್ಟೇನ."

ಅವು ಒಂದು ವಾರ ನಮ್ಮ ಆಸ್ಪತ್ರೆಯಲ್ಲೇ ಇದ್ದವು. ನಮ್ಮ ಮೇಲಾಧಿಕಾರಿ ಡಾಕ್ಟರು ದೊಡ್ಡ ಮನುಷ್ಯರು. ಗಬ್ಬದ ಹಸುವಿನೊಳಗೆ ಭುಜದವರೆಗೆ ಕೈ ಹಾಕಲು ಹಿಂದೆಮುಂದೆ ನೋಡಿದವರಲ್ಲ. ಆದರೆ ಹುಂಜ ಕಂಡರೆ ಕುರ್ಚಿ ಹತ್ತುತ್ತಿದ್ದರು. ಆ ವಾರ ಅವರು ಎಲ್ಲ ಕಡತಗಳನ್ನೂ ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡೇ ನೋಡಿದರು. ನನ್ನನ್ನು ಬೈಯಲಿಲ್ಲ. ಕರೆದು ಒಂದು ಮಾತು ಹೇಳಿದರು: "ನೋಡಮ್ಮ, ಇನ್ಮೇಲೆ ಯಾರಾದ್ರೂ ಕೇಳಿದ್ರೆ 'ಮೇಲ್ನೋಟಕ್ಕೆ ಹೇಟೆ' ಅನ್ನು. ಹುಂಜ ಆದ್ರೆ ತಪ್ಪು ಮೇಲ್ನೋಟದ್ದು, ನಿಂದಲ್ಲ." ಅವರು ಸರ್ವಿಸಿನುದ್ದಕ್ಕೂ ಮೇಲ್ನೋಟದಲ್ಲೇ ಬದುಕಿದವರು. ನಿವೃತ್ತಿಯ ದಿನ ನಾವು ಹೊಗಳಿ ಭಾಷಣ ಮಾಡಿದಾಗಲೂ 'ಮೇಲ್ನೋಟಕ್ಕೆ ನೀವೆಲ್ಲ ಒಳ್ಳೆಯವರು' ಎಂದೇ ಉತ್ತರ ಕೊಟ್ಟರು.

ನನಗೆ ನಿಜವಾದ ಪಾಠ ಸಿಕ್ಕಿದ್ದು ಶಿವಾಜಿನಗರದ ಇಬ್ರಾಹಿಂ ಸಾಹೇಬರ ಅಂಗಡಿಯಲ್ಲಿ. ಅಪ್ಪನ ಕಾಲದಿಂದ ನಾಟಿ ಕೋಳಿಯ ವ್ಯಾಪಾರ ಅವರದು. ಲಸಿಕೆ ಹಾಕಲು ಹೋದಾಗಲೆಲ್ಲ ಸುಲೇಮಾನಿ ಚಹಾ ಕೊಡಿಸಿ ಕೂರಿಸುತ್ತಿದ್ದರು. ಒಂದು ದಿನ ತಲೆಯ ಟೋಪಿ ತೆಗೆದು ಮರಿಗಳ ಮಧ್ಯೆ ಎಸೆದರು. ಕೆಲವು ಮರಿ ಕುತ್ತಿಗೆ ಎತ್ತಿ ನೆಟ್ಟಗೆ ನಿಂತವು, ಕೆಲವು ನೆಲಕ್ಕೆ ಕವುಚಿದವು.

"ನಿಂತಿದ್ದು ಮುರ್ಗಾ, ಕೂತಿದ್ದು ಮುರ್ಗಿ," ಎಂದರು.

"ಓಡಿಹೋಯ್ತಲ್ಲ, ಅದು?"

"ಅದು ಅಕಲ್ ಇರೋದು, ಬುದ್ಧಿವಂತ ಮರಿ ಬೇಟಿ," ಎಂದು ನಕ್ಕರು. "ಇದೆಲ್ಲಾ ತಮಾಷೆ. ಆರು ವಾರ ಸಬರ್ ಮಾಡಿ, ಜುಟ್ಟು ನೋಡಿ. ಕೆಂಪಗೆ ಎದ್ದಿದ್ರೆ ಮುರ್ಗಾ. ಮೂರು ತಿಂಗಳು ಸಬರ್ ಮಾಡಿ, ಸೊಂಟದ ಗರಿ ನೋಡಿ. ಗಂಡಿಗೆ ಚೂಪು, ಹೆಣ್ಣಿಗೆ ದುಂಡು. ಅದಕ್ಕೂ ಮುಂಚೆ ಹೇಳೋನು ಸುಳ್ಳ, ಕೇಳೋನು ಪಾಗಲ್."

ಅವರು ಹೇಳಿದ್ದರ ಮೇಲೆ ನನ್ನ ಸರ್ವಿಸ್ ನಡೆಯಿತು. ಉಂಗುರಕ್ಕೆ ದಾರ ಕಟ್ಟಿ ಮೊಟ್ಟೆಯ ಮೇಲೆ ತೂಗಾಡಿಸುವವರು, ಚೂಪು ಮೊಟ್ಟೆಯಿಂದ ಹುಂಜ ಬರುತ್ತದೆ ಎನ್ನುವವರು, ಕಾಲು ಹಿಡಿದು ತಲೆಕೆಳಗು ಮಾಡಿ ನೋಡುವವರು ನಿಮಗೂ ಸಿಗುತ್ತಾರೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ. ಅವರದು ಅರ್ಧಕ್ಕರ್ಧ ಸಲ ಸರಿಯಾಗುತ್ತದೆ, ಆಗ ನಿಮ್ಮ ಮರ್ಯಾದೆ ಹೋಗುತ್ತದೆ.

ಆಮೇಲೆ ವಾಟ್ಸಾಪ್ ಬಂತು. ಮೊದಲು ಜನ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು, ಕಂಡಕ್ಟರನ ಹತ್ತಿರ ಬೈಸಿಕೊಂಡು ಬಂದ ಆ ಕೋಳಿಯನ್ನು ಕೈಯಲ್ಲಿ ಹಿಡಿದು ನೋಡಬಹುದಿತ್ತು. ಈಗ ಫೋಟೋ. ಅದೂ ಬರೀ ಮುಖದ್ದು, ಆಧಾರ್ ಕಾರ್ಡಿಗೆ ಹಿಡಿಸಿದ ಹಾಗೆ. ಇಂದಿರಾನಗರದಲ್ಲಿ ತಾರಸಿಯ ಮೇಲೆ ಕೋಳಿ ಸಾಕುವ ಒಬ್ಬರು ತಮ್ಮ ಮರಿಗಳಿಗೆ ಮಂದಾಕಿನಿ, ಮೃಣಾಲಿನಿ, ಮಾಲಿನಿ ಎಂದೆಲ್ಲ ಹೆಸರಿಟ್ಟು ಒಂದೊಂದರ ಮುಖವನ್ನೂ ಕಳಿಸಿದರು. ಹಿಂಭಾಗದ ಫೋಟೋ ಕಳಿಸಿ ಎಂದು ನಾನು ಬರೆದದ್ದಕ್ಕೆ ಅವರಿಗೆ ಸಂಕೋಚವಾಯಿತಂತೆ. ಕಳಿಸುವ ಹೊತ್ತಿಗೆ ಮೃಣಾಲಿನಿ ಕೂಗಲು ಶುರು ಮಾಡಿದ್ದಳು. ಈ ಊರಿನ ಅರ್ಧ ಹುಂಜಗಳಿಗೆ ಹೆಣ್ಣು ಹೆಸರಿದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಇನ್ನು ಆ ಪ್ರಕರಣ.

ನಾನು ನಿವೃತ್ತಳಾಗುವ ವರ್ಷ. ಮಹದೇವಪುರದಲ್ಲಿ ಮುನಿತಾಯಮ್ಮ ಎನ್ನುವವರ ಮನೆಗೆ ನಾನು ವರ್ಷಗಳಿಂದ ಲಸಿಕೆಗೆ ಹೋಗುತ್ತಿದ್ದೆ. ಹೊಲವಿದ್ದ ಕಡೆ ಈಗ ಅವರದೇ ಮೂರು ಮಹಡಿಯ ಪಿಜಿ ಇದೆ. ಪಿಜಿಗೂ ಮನೆಗೂ ನಡುವೆ ಉಳಿದ ಹಿತ್ತಲಲ್ಲಿ ಕೋಳಿಗಳು, ಮೇಲಿನ ಬಾಲ್ಕನಿಗಳಿಂದ ಸಾಫ್ಟ್‌ವೇರ್ ಮಕ್ಕಳು ಎಸೆಯುವ ಬ್ರೆಡ್ಡು ತಿಂದು ಬೆಳೆಯುವವು. ಮುನಿತಾಯಮ್ಮನ ಗಂಡ ಇಲ್ಲ. ಮಗ ಲೋಕೇಶ. ಅವನಿಗೆ ಆ ಚಳಿಗಾಲದಲ್ಲಿ ಮಾಲೂರಿನ ಕಡೆಯಿಂದ ಕವಿತಾ ಎಂಬ ಹುಡುಗಿಯನ್ನು ತಂದಿದ್ದರು. ಹುಡುಗಿ ತೌರಿನಿಂದ ಬರುವಾಗ ತನ್ನ ಒಂದು ಕೋಳಿಯನ್ನೂ ತಂದಿದ್ದಳು. ಬೋಳು ಕುತ್ತಿಗೆಯ ಜಾತಿ, ಕುತ್ತಿಗೆಯ ಮೇಲೆ ಒಂದು ಗರಿಯೂ ಇಲ್ಲ. ಹೆಸರು ರಾಣಿ.

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಹಿತ್ತಲಲ್ಲಿದ್ದ ಒಂದೇ ಒಂದು ಹುಂಜವನ್ನು ಕೊಯ್ದು ನೆಂಟರೆಲ್ಲ ಉಂಡರು. ಹುಂಜ ಇಲ್ಲದ ಹಿಂಡಿನಲ್ಲಿ ಕೆಲವು ಸಲ ಒಂದು ವಿಚಿತ್ರ ನಡೆಯುತ್ತದೆ. ಇದ್ದವರಲ್ಲಿ ಗಟ್ಟಿಗಿತ್ತಿ ಹೇಟೆಯೊಂದು ಯಜಮಾನಿಕೆ ವಹಿಸಿಕೊಂಡು ಗೋಡೆ ಹತ್ತಿ ಕೂಗತೊಡಗುತ್ತದೆ. ಮೊಟ್ಟೆಯನ್ನೂ ಇಡುತ್ತಿರುತ್ತದೆ. ರಾಣಿ ಹಾಗೆ ಕೂಗಿದಳು. ಕವಿತಾಗೆ ಅದು ಕಂಡು ನಗು ತಡೆಯಲಾಗದೆ ವಿಡಿಯೋ ಮಾಡಿ, "ನಮ್ಮ ರಾಣಿ ನೋಡ್ರೀ, ಹುಂಜದ ಡ್ಯೂಟಿ ಮಾಡ್ತಾವ್ಳೆ" ಎಂದು ಮನೆತನದ ಗುಂಪಿಗೆ ಹಾಕಿಬಿಟ್ಟಳು.

ಹೇಟೆ ಕೂಗಿದರೆ ಮನೆಗೆ ಕೇಡು ಎನ್ನುವ ಮಾತು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಆ ಗುಂಪಿನಲ್ಲಿದ್ದ ಪಿಳ್ಳಪ್ಪನವರು ಹೇಳಿಕೊಡುತ್ತಿದ್ದರು. ಮುನಿತಾಯಮ್ಮನ ಗಂಡನ ಅಣ್ಣ, ಮನೆತನಕ್ಕೆ ಹಿರಿಯರು. ಬೈಯಪ್ಪನಹಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡು ಹೋದ ಮೇಲೆ ಕೋಳಿಯನ್ನು ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಲೋಕೇಶನಿಗೆ ತಮ್ಮ ಹೆಂಡತಿಯ ತಮ್ಮನ ಮಗಳನ್ನು ತರಬೇಕೆಂದಿದ್ದವರು ಅವರು, ಅದು ಆಗಿರಲಿಲ್ಲ. ಈಗ ಅವರಿಗೆ ಎಲ್ಲವೂ ಸ್ಪಷ್ಟವಾಯಿತು. ಪಿಜಿಯ ಬೋರ್‌ವೆಲ್ ಮೋಟಾರು ಸುಟ್ಟದ್ದು, ತಮ್ಮ ಮಂಡಿ ನೋವು, ಮೊನ್ನೆಯ ಮಳೆಗೆ ರಿಂಗ್ ರೋಡಿನಲ್ಲಿ ಕಾರು ಮುಳುಗಿದ್ದು ಎಲ್ಲಕ್ಕೂ ಆ ಹೇಟೆಯೇ ಕಾರಣ. ಆ ಮಳೆಗೆ ರಿಂಗ್ ರೋಡಿನಲ್ಲಿ ಮುಳುಗಿದ ಉಳಿದ ಕಾರುಗಳವರ ಮನೆಯಲ್ಲಿ ಯಾವ ಕೋಳಿ ಕೂಗಿತ್ತೋ ನಾನರಿಯೆ.

ಮುನಿತಾಯಮ್ಮ ನನಗೆ ಫೋನ್ ಮಾಡಿ, "ಮೇಡಮ್ಮ, ಸ್ವಲ್ಪ ಬಂದೋಗಿ. ಭಾವನೋರು ಬಂದವ್ರೆ" ಎಂದರು. ಅಷ್ಟೇ. ಹೋಗಿ ನೋಡಿದರೆ ಜಗಲಿಯ ಮೇಲೆ ಪಂಚಾಯ್ತಿ ಕೂತಂತಿತ್ತು. ಪಿಳ್ಳಪ್ಪನವರು ಕುರ್ಚಿಯಲ್ಲಿ. ಲೋಕೇಶ ಕಂಬದ ಹಿಂದೆ ಫೋನ್ ತಿರುವುತ್ತ. ಕವಿತಾ ಬಾಗಿಲ ಪಕ್ಕ ಕೋಳಿಯನ್ನು ಎದೆಗವಚಿಕೊಂಡು ನಿಂತಿದ್ದಳು, ಕಣ್ಣು ಊದಿತ್ತು. ಮುನಿತಾಯಮ್ಮ ನೆಲದ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದರು, ಮುಖದಲ್ಲಿ ಏನೂ ಇಲ್ಲ.

"ಬನ್ನಿ ಮೇಡಂ," ಎಂದರು ಪಿಳ್ಳಪ್ಪನವರು. "ಕೇಳಿ. ಈ ಹೇಟೆನ ಇವತ್ತೇ ಕುಯ್ಸೋದು. ಹುಡ್ಗಿ ಆಷಾಢಕ್ಕೆ ಹೆಂಗೂ ತೌರಿಗೆ ಹೋಗ್ಬೇಕು, ಈಗ್ಲೇ ಹೋಗ್ಲಿ. ಒಂದು ಶಾಂತಿ ಮಾಡ್ಸೋಣ. ಆಮೇಲೆ ನೋಡೋಣ."

ಆ 'ನೋಡೋಣ'ದ ಅರ್ಥ ನನಗೆ ಗೊತ್ತಿತ್ತು. ಆಷಾಢಕ್ಕೆ ತೌರಿಗೆ ಹೋದ ಸೊಸೆಯನ್ನು ಶ್ರಾವಣದಲ್ಲಿ ಕರೆತರುತ್ತಾರೆ. 'ನೋಡೋಣ' ಎಂದು ಕಳಿಸಿದವಳನ್ನು ಯಾವ ಮಾಸದಲ್ಲಿ ಕರೆತರುತ್ತಾರೆ ಎನ್ನುವುದು ಯಾವ ಪಂಚಾಂಗದಲ್ಲೂ ಇಲ್ಲ.

ನಾನು ಮೊದಲು ವಿಜ್ಞಾನ ಹೇಳಲು ಹೋದೆ. "ನೋಡಿ ಸಾರ್, ಹುಂಜ ಇಲ್ಲದೆ ಇದ್ರೆ ಹೇಟೆ ಕೂಗೋದು ಉಂಟು. ಅದರಲ್ಲಿ ಕೇಡು ಏನೂ ಇಲ್ಲ."

"ನೋಡ್ರಪ್ಪಾ!" ಎಂದು ತೊಡೆ ತಟ್ಟಿದರು. "ಹೇಟೇನೇ ಕೂಗಿರೋದು ಅಂತ ಮೇಡಂ ಬಾಯಲ್ಲೇ ಬಂತು."

ನಿಜ ಹೇಳಿದರೆ ಅದು ಅವರ ಕಡೆಗೇ ಸಾಕ್ಷಿಯಾಗುತ್ತದೆ ಎಂದು ಗೊತ್ತಾಯಿತು. "ನಾನು ಪ್ರಪಂಚದ ಕೋಳಿಗಳ ಬಗ್ಗೆ ಹೇಳಿದೆ. ಈ ಕೋಳೀನ ಇನ್ನೂ ನೋಡೇ ಇಲ್ಲ" ಎಂದು ತೇಲಿಸಿ, ಕವಿತಾಳ ಕೈಯಿಂದ ರಾಣಿಯನ್ನು ತೆಗೆದುಕೊಂಡೆ. ನೋಡುವುದೇನು? ಸೊಂಟದ ಗರಿ ಗುಂಡಗೆ ಇತ್ತು. ಬಾಲದ ಕೆಳಗೆ ಎರಡು ಎಲುಬಿನ ನಡುವೆ ಬೆರಳಿಟ್ಟು ನೋಡುವುದು ನಮ್ಮ ಕ್ರಮ. ಎರಡು ಬೆರಳು ಹಿಡಿಸಿದರೆ ಅದು ಮೊಟ್ಟೆ ಇಡುತ್ತಿರುವ ಹೇಟೆ. ಮೂರು ಬೆರಳು ಸಲೀಸಾಗಿ ಹಿಡಿಸಿತು. ಅಷ್ಟೇ ಅಲ್ಲ, ಹೊಟ್ಟೆಯ ಕೆಳಗೆ ಬೆರಳಿಗೆ ಗಟ್ಟಿಯಾಗಿ ಮೊಟ್ಟೆಯೇ ತಗುಲಿತು. ಇನ್ನೇನು ಈಗಲೋ ಆಗಲೋ ಎನ್ನುವಂತಿತ್ತು.

ನನಗೆ ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ತಡೆಯಲಾರದ ನಗು. ತಲೆ ಎತ್ತಿದೆ. ಮುನಿತಾಯಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

"ಇದು ಹುಂಜ," ಎಂದೆ.

ಪಿಳ್ಳಪ್ಪನವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಏನ್ ಮೇಡಂ ತಮಾಷೆ ಮಾಡ್ತೀರಾ? ಬಾಲ ಎಲ್ಲೈತೆ? ನೋಡೋಕೆ ಹೇಟೆ ಇದ್ದಂಗಿದೆ."

"ಮೇಲ್ನೋಟಕ್ಕೆ," ಎಂದೆ. "ಕೆಲವು ಹುಂಜಗಳಿಗೆ ಹೇಟೆ ಥರಾನೇ ಗರಿ ಬರುತ್ತೆ ಸಾರ್. ಪುಸ್ತಕದಲ್ಲೇ ಇದೆ." ಪುಸ್ತಕದಲ್ಲಿ ಇರುವುದೂ ನಿಜವೇ. ಅಂಥ ಹುಂಜಗಳು ಇವೆ, ಆದರೆ ನನ್ನ ಕೈಯಲ್ಲಿ ಇರಲಿಲ್ಲ. "ಇದರ ಕುತ್ತಿಗೆ ಬೇರೆ ಬೋಳು. ಕುತ್ತಿಗೆ ಗರಿ ಇದ್ದಿದ್ರೆ ನಿಮಗೇ ಗೊತ್ತಾಗ್ತಿತ್ತು. ನಿಮ್ಮಂಥ ಅನುಭವಸ್ಥರು."

"ಮತ್ತೆ ರಾಣಿ ಅಂತ ಹೆಸರು ಯಾಕಿಟ್ರು?"

"ಮರೀಲಿ ಎಲ್ಲಾ ಒಂದೇ ಥರ ಕಾಣೋದು ಸಾರ್. ಇಂದಿರಾನಗರದಲ್ಲಿ ಮೃಣಾಲಿನಿ ಅಂತ ಒಂದು ಹುಂಜ ಇದೆ, ಬೇಕಾದ್ರೆ ಫೋಟೋ ತೋರಿಸ್ತೀನಿ."

ಫೋನ್ ತೆಗೆದು ತೋರಿಸಿದೆ. ಪಿಳ್ಳಪ್ಪನವರು ಕನ್ನಡಕ ಏರಿಸಿ ಮೃಣಾಲಿನಿಯನ್ನು ಬಹಳ ಹೊತ್ತು ನೋಡಿದರು. ಹುಂಜ ಕೂಗಿದರೆ ಯಾರೂ ಶಾಂತಿ ಮಾಡಿಸುವುದಿಲ್ಲ. ಅವರಿಗೆ ಕಾಲಿಡಲು ನೆಲ ಸಿಗಲಿಲ್ಲ. ಆದರೂ ಎದ್ದು ಹೋಗುವ ಮನಸ್ಸಿಲ್ಲದೆ, "ಒಂದು ಕಾಫಿ ಕೊಡಮ್ಮ, ಯೋಚನೆ ಮಾಡೋಣ" ಎಂದರು. ಮುನಿತಾಯಮ್ಮ ಎದ್ದು ಬಂದು, ನನ್ನ ಕೈಯಿಂದ ಕೋಳಿಯನ್ನು ಕಿತ್ತುಕೊಂಡವರಂತೆ ತೆಗೆದುಕೊಂಡು, ಸೆರಗಿನಡಿ ಇಟ್ಟುಕೊಂಡು ಒಳಗೆ ನಡೆದರು. ಸೊಸೆಯನ್ನೂ ಕಣ್ಣಲ್ಲೇ ಕರೆದರು.

ಕಾಫಿ ಬಂತು. ಪಿಳ್ಳಪ್ಪನವರು ಅರ್ಧ ಲೋಟ ಕುಡಿದು, "ಅಲ್ಲಾ ಮೇಡಂ, ಆದ್ರೂ..." ಎಂದು ಶುರು ಮಾಡಿದರು. ಅಷ್ಟರಲ್ಲಿ ಒಳಗಿನಿಂದ ಕೇಳಿಸಿತು. ಕೊಕ್ಕೊಕ್ಕೊಕ್ಕೋ ಕೊಕ್. ಮೊಟ್ಟೆ ಇಟ್ಟ ಹೇಟೆ ಊರಿಗೆಲ್ಲ ಸಾರುವ ಸದ್ದು. ಹಳ್ಳಿಯಲ್ಲಿ ಹುಟ್ಟಿದ ಯಾರಿಗೂ, ತಟ್ಟೆಯಲ್ಲಷ್ಟೇ ಕೋಳಿ ನೋಡುವವರಿಗೂ, ಅದು ತಿಳಿಯದೆ ಇರುವುದಿಲ್ಲ. ಪಿಳ್ಳಪ್ಪನವರ ಲೋಟ ಬಾಯಿಯ ಹತ್ತಿರ ನಿಂತಿತು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಅದೇ ಕ್ಷಣ ಅಡುಗೆಮನೆಯಲ್ಲಿ ಮಿಕ್ಸಿ ಮೊರೆಯತೊಡಗಿತು. ಹಳೆಯ ಮಿಕ್ಸಿ, ರಸ್ತೆಯಲ್ಲಿ ಕಾಂಕ್ರೀಟ್ ಒಡೆಯುವ ಹಾಗೆ ಸದ್ದು. ರಾಣಿ ಒಳಗೆ ಎಷ್ಟು ಸಾರಿದಳೋ ಅಷ್ಟು ಹೊತ್ತೂ ಅದು ನಿಲ್ಲಲಿಲ್ಲ. ಕೋಳಿ ಕೇಳಿ ಮಸಾಲೆ ಅರೀತಾರಾ ಎಂದು ನಮ್ಮಲ್ಲಿ ಗಾದೆ. ಮುನಿತಾಯಮ್ಮ ಆವತ್ತು ಕೋಳಿಯನ್ನು ಕೇಳಿಯೇ ಮಸಾಲೆ ಅರೆದರು. ಕಿವಿಯಾರೆ ಕೇಳಿ.

"ಏನದು?" ಎಂದು ಪಿಳ್ಳಪ್ಪನವರು ಕೂಗಿ ಕೇಳಿದರು.

"ಮಸಾಲೆ, ಭಾವ!" ಎಂದು ಒಳಗಿನಿಂದ ಅದಕ್ಕಿಂತ ಜೋರಾಗಿ ಉತ್ತರ ಬಂತು. "ಊಟ ಮಾಡ್ಕೊಂಡೇ ಹೋಗ್ಬೇಕು ನೀವು!"

ಕೈ ತೊಳೆಯುವ ನೆಪದಲ್ಲಿ ನಾನು ಒಳಗೆ ಹೋದೆ. ರಾಣಿ ಅಕ್ಕಿಮೂಟೆಯ ಮೇಲೆ ಏನೂ ಆಗದವಳಂತೆ ಕೂತಿದ್ದಳು. ಕವಿತಾ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಆತುಕೊಂಡಿದ್ದಳು. ಅಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು. ಮುನಿತಾಯಮ್ಮ ಅಂಗೈ ಬಿಡಿಸಿ ತೋರಿಸಿದರು. ಕಂದು ಬಣ್ಣದ ಸಣ್ಣ ಮೊಟ್ಟೆ, ಇನ್ನೂ ಬಿಸಿ ಆರಿರಲಿಲ್ಲ.

"ನಿಮಗೆ ಮೊದ್ಲೇ ಗೊತ್ತಿತ್ತಾ?" ಎಂದು ಪಿಸುಗುಟ್ಟಿದೆ.

"ಕೋಳಿ ಸಾಕ್ದೋಳಿಗೆ ಗೊತ್ತಾಗಲ್ವಾ ಮೇಡಮ್ಮ? ನಾನು ಹುಂಜ ಅಂದಿದ್ರೆ ಅತ್ತೆ ಸೊಸೆ ಒಂದಾಗವ್ರೆ ಅಂತಿದ್ರು. ನೀವಂದ್ರೆ ಸರ್ಕಾರ ಅಂದಂಗೆ," ಎನ್ನುತ್ತ ಅವರು ಕುದಿಯುವ ಸಾರಿಗೆ ಬುಟ್ಟಿಯಲ್ಲಿದ್ದ ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ಬಿಟ್ಟರು. ಕೈಯಲ್ಲಿದ್ದ ಬಿಸಿ ಮೊಟ್ಟೆಯನ್ನು ಕೊನೆಗೆ ಒಡೆದು ಸಾರಿನ ಒಂದು ಮೂಲೆಗೆ ಬಿಟ್ಟು, ಅದರ ಮೇಲೆ ಗುರುತಿಗೆ ಕರಿಬೇವಿನ ಎಲೆಯೊಂದನ್ನು ಇಟ್ಟರು. ಆ ಹೆಂಗಸಿನ ಕಾಲಿಗೆ ಬೀಳಬೇಕೆನಿಸಿತು ನನಗೆ.

ಮುದ್ದೆ, ಮೊಟ್ಟೆ ಸಾರು. ಕವಿತಾ ಬಡಿಸಿದಳು. ಕರಿಬೇವಿನ ಎಲೆಯ ಮೊಟ್ಟೆ ಪಿಳ್ಳಪ್ಪನವರ ತಟ್ಟೆಗೇ ಹೋಯಿತು. ಅವರು ಎಲೆಯನ್ನು ಪಕ್ಕಕ್ಕಿಟ್ಟು, ಮೊಟ್ಟೆಯನ್ನು ಮುದ್ದೆಯ ತುತ್ತಿಗೆ ಮೆತ್ತಿಕೊಂಡು ನುಂಗಿ, ಕಣ್ಣು ಮುಚ್ಚಿದರು. ನಾನು ನನ್ನ ಮುದ್ದೆಯ ತುತ್ತನ್ನು ಸಾರಿನಲ್ಲಿ ಉರುಳಿಸುತ್ತಲೇ ಇದ್ದೆ.

"ಇದು ಅಂಗಡಿ ಮೊಟ್ಟೆ ಅಲ್ಲ," ಎಂದರು. "ನಾಟಿ."

"ಹೂಂ ಭಾವ."

"ಸಾರು ಯಾರು ಮಾಡಿದ್ದು?"

"ನಿಮ್ಮ ಸೊಸೇನೇ," ಎಂದರು ಮುನಿತಾಯಮ್ಮ, ರೆಪ್ಪೆ ಅಲುಗಿಸದೆ. "ಕವಿತಾ, ದೊಡ್ಡಮಾವನಿಗೆ ಇನ್ನೊಂದು ಸೌಟು ಬಿಡಮ್ಮ."

ಪಿಳ್ಳಪ್ಪನವರು ಎರಡನೆಯ ಸಲ ಬಡಿಸಿಕೊಂಡರು. ಕೈ ತೊಳೆದು, ಟವೆಲ್ಲಿಗೆ ಒರೆಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು: "ಹುಂಜ ಅಂತ ಮೇಡಂ ಹೇಳಿದ್ಮೇಲೆ ಹುಂಜಾನೇ ಇರ್ಬೇಕು. ಹುಡ್ಗಿ ಆಷಾಢಕ್ಕೆ ಹೋಗ್ಬಿಟ್ಟು ಶ್ರಾವಣದಲ್ಲಿ ಬೇಗ ಬರ್ಲಿ. ಲೇ ಲೋಕೇಶ, ನೀನೇ ಹೋಗಿ ಕರ್ಕೊಂಡ್ ಬಾ." ಲೋಕೇಶ ಕಂಬದ ಹಿಂದಿನಿಂದ ಮೊದಲ ಸಲ ಹೊರಗೆ ಬಂದ.

ಅವರ ಕಾರು ಹೊರಟ ಮೇಲೆ ನಾನೂ ಬ್ಯಾಗು ತೆಗೆದುಕೊಂಡೆ. ಮುನಿತಾಯಮ್ಮ ಗೇಟಿನವರೆಗೂ ಬಂದರು. ರಸ್ತೆಯ ಆ ಕಡೆ ಈ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ಮೇಡಮ್ಮ, ನಿಮ್ಗೊಂದು ಮೊಟ್ಟೆ ಕೊಡ್ಬೇಕು ಅಂತ ನಂಗಾಸೆ. ನಾಡಿದ್ದು ಬನ್ನಿ. ನಾಳೆ ಬ್ಯಾಡ. ನಮ್ಮ ಹುಂಜ ಇಡೋದು ದಿನ ಬಿಟ್ಟು ದಿನ."